ಸಪ್ಪೆ ತವರು

ನಲವತ್ತೆಂಟರ ಆಷಾಢದಲ್ಲಿ ಮುಕ್ಕುಂದದ ಅಂಬಿಗ ಅಂಬಪ್ಪನಿಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ತುಂಬಿದ ತುಂಗಭದ್ರೆಯ ಆಚೆ ದಂಡೆಯಲ್ಲಿ ಮಗಳು ಆದೆಮ್ಮ ದಿನ ತುಂಬಿ ಕೂತಿದ್ದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಇಲ್ಲದಿದ್ದರೆ ಹೆತ್ತವರು ತಲೆ ಎತ್ತಿ ತಿರುಗುವಂತಿಲ್ಲ. ಆದರೆ ಆಚೆ ದಂಡೆ ಈಗ ಹಿಂದುಸ್ತಾನ, ಈಚೆಯದು ನಿಜಾಮರದು. ದೊಡ್ಡವರು ಮುನಿಸಿಕೊಂಡರೆ ಮೊದಲು ಆರುವುದು ಬಡವರ ಒಲೆ. ಆಚೆಯವರು ಉಪ್ಪು, ಸೀಮೆಎಣ್ಣೆ ತಡೆದರು. ಈಚೆಯವರು ಯಾರೂ ದಾಟಬಾರದೆಂದು ಹರಿಗೋಲಿನ ತೊಗಲನ್ನೇ ಬಿಚ್ಚಿಸಿ ಚೌಕಿಯಲ್ಲಿಟ್ಟರು. ತೊಗಲಿಲ್ಲದ ಹರಿಗೋಲು ಬರೀ ಬಿದಿರ ಬುಟ್ಟಿ.

"ಆಕಿನ್ನ ಯಾವಾಗ ಕರಕೊಂಡು ಬರ್ತೀ?" ಎಂದು ಹೆಂಡತಿ ಬಸ್ಸಮ್ಮ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಬಾಣಂತಿಗೆಂದು ಹೊರಸಿನ ಹಗ್ಗ ಬಿಗಿದು, ಒಲೆಗೆ ಕುಳ್ಳು ಒಟ್ಟಿ ಎಷ್ಟೋ ದಿನವಾಗಿತ್ತು.

ಕೊನೆಗೆ ಅಂಬಪ್ಪ ಚೌಕಿಯ ಕಾವಲುಗಾರ ದಾವಲ್‌ಸಾಬನಿಗೆ ಕೈಮುಗಿದ. ತಿಂಗಳಿಂದ ಸಪ್ಪನೆ ಬೇಳೆ ಉಂಡು ಸಾಬನ ನಾಲಿಗೆ ಸತ್ತಿತ್ತು.

"ತೊಗಲು ಒಯ್ಯಿ. ಎರಡು ಸೇರು ಉಪ್ಪು ತಗೊಂಡು ಹೊತ್ತು ಮುಳುಗೂದ್ರಾಗ ಬಾ. ಬರಿಗೈಲೆ ಬಂದ್ರ ಮಾತ್ರ ನಿನ್ನ ಬೆನ್ನು ಉಳಿಯಂಗಿಲ್ಲ," ಎಂದ.

ಆಚೆ ದಂಡೆಯಲ್ಲಿ ಆದೆಮ್ಮ ಅಪ್ಪನನ್ನು ಕಂಡು ಅತ್ತಳು. ಆದರೆ ಹೊರಡಲಿಲ್ಲ.

"ನಾ ಬರಂಗಿಲ್ಲ ಯಪ್ಪಾ. ಅಲ್ಲಿ ದೀಪಕ್ಕ ಎಣ್ಣಿ ಇಲ್ಲ, ಗಂಜಿಗೆ ಉಪ್ಪಿಲ್ಲ. ಹಸಿಗೂಸು ತಗೊಂಡು ಕತ್ತಲಾಗ ಕುಂದ್ರಲೇನು?"

ಅಂಬಪ್ಪನಿಗೆ ಸಿಟ್ಟು ಉಕ್ಕಿತು. ಬಯ್ಯಲು ಬಾಯಿ ತೆರೆದ; ಆದರೆ ಅವಳ ಮಾತಿನಲ್ಲಿ ಸುಳ್ಳು ಒಂದೂ ಸಿಗಲಿಲ್ಲ. ಉಪ್ಪು ಕೊಳ್ಳೋಣವೆಂದರೆ ಸೊಂಟದಲ್ಲಿದ್ದ ನಿಜಾಮರ ರೂಪಾಯಿಯನ್ನು ಆ ಊರಿನ ಅಂಗಡಿಯವರು ಮೂಸಿಯೂ ನೋಡಲಿಲ್ಲ. ಆದೆಮ್ಮನೇ ಒಳಗಿಂದ ಉಪ್ಪಿನ ಗಂಟು ತಂದಳು. ಮೊಮ್ಮಗು ಹುಟ್ಟುವ ತನಕ ಹೆತ್ತವರು ಮಗಳ ಮನೆಯ ನೀರೂ ಮುಟ್ಟಬಾರದು. ಅಂಬಪ್ಪ ಗಂಟು ತೆಗೆದುಕೊಂಡ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಈಚೆ ದಂಡೆಯಲ್ಲಿ ಬಸ್ಸಮ್ಮ ಮಗಳಿಗೆ ಹೊದಿಸಲು ಕೌದಿ ಹಿಡಿದು ನಿಂತಿದ್ದಳು. ಗಂಡ ಒಬ್ಬನೇ ಇಳಿದ. ನಡೆದದ್ದನ್ನು ನೆಲ ನೋಡುತ್ತ ಹೇಳಿದ. ಅವಳು ಗಂಟನ್ನು ದಂಡೆಗೆ ಬಂದಿದ್ದ ದಾವಲ್‌ಸಾಬನ ಕೈಗಿತ್ತು, ಸೀರೆ ಎತ್ತಿ ಕಟ್ಟಿ, ಕೌದಿ ಸಮೇತ ಹರಿಗೋಲು ಹತ್ತಿ ಕೂತಳು.

"ಏ ಬಸ್ಸಮ್ಮ, ಎಲ್ಲಿಗೆ?" ಎಂದ ಸಾಬ ಗಾಬರಿಯಾಗಿ.

"ಆಕಿಗೆ ತವರು ಅಂದ್ರ ಆ ಗುಡಿಸಲಲ್ಲರೀ, ನಾನು," ಎಂದು ಗಂಡನತ್ತ ತಿರುಗಿದಳು. "ನಡೀ, ಹುಟ್ಟು ಹಾಕು."

ಉಪ್ಪಿನ ಗಂಟು ಹಿಡಿದ ಸಾಬ ತಡೆಯುವ ಮೊದಲೇ ಅಂಬಪ್ಪ ಹುಟ್ಟು ಎತ್ತಿದ. ಈ ದಂಡೆ ತಮ್ಮನ್ನು ಮತ್ತೆ ಹತ್ತಿಸಿಕೊಳ್ಳುತ್ತದೋ ಇಲ್ಲವೋ, ಇಬ್ಬರಿಗೂ ಗೊತ್ತಿರಲಿಲ್ಲ.