ಟವಲಿನ ಕೆಳಗಿನ ಸಂಬಳ

ಕುಣಿಗಲ್ಲಿನ ಒಂದೇ ಲ್ಯಾಬಿನಲ್ಲಿ, ರಕ್ತ ಪರೀಕ್ಷೆಯ ಒಂದೇ ಕೆಲಸಕ್ಕೆ, ಸುಮನಾಳಿಗೆ ತಿಂಗಳಿಗೆ ಹನ್ನೊಂದು ಸಾವಿರ ಕೊಡುತ್ತಿದ್ದರು, ಅಂಜನಮೂರ್ತಿಗೆ ಹದಿನೆಂಟು ಸಾವಿರ. ಅವನು ಅವಳಿಗಿಂತ ಎರಡು ವರ್ಷ ಆಮೇಲೆ ಸೇರಿದವನು. ಅವನಿಗೆ ಕೆಲಸ ಕಲಿಸಿದವಳು ಸುಮನಾ.

ಗೊತ್ತಾದದ್ದು ಟೀ ಅಂಗಡಿಯಲ್ಲಿ. "ಸಂಬಳ ಬಿತ್ತಾ ಅಕ್ಕಾ?" ಎನ್ನುತ್ತಾ ಅಂಜನಮೂರ್ತಿ ಬ್ಯಾಂಕಿನ ಮೆಸೇಜು ತೆರೆದಾಗ ಅವಳ ಕಣ್ಣೂ ಅದರ ಮೇಲೆ ಬಿತ್ತು. ಅವಳ ಮುಖ ನೋಡಿ ಅವನಿಗೆ ನಾಚಿಕೆಯಾಯಿತು. ಎರಡು ಟೀ ದುಡ್ಡೂ ಅವನೇ ಕೊಟ್ಟ. ಸುಮನಾ ಟೀ ಮುಟ್ಟದೆ ಎದ್ದು ಮಾಲೀಕ ಚನ್ನವೀರಯ್ಯನ ಟೇಬಲ್ಲಿನ ಮುಂದೆ ನಿಂತಳು. ಅವನು ತಲೆ ಎತ್ತಲಿಲ್ಲ.

"ನಂದೇನಮ್ಮ ತಪ್ಪು? ಮಾತಾಡಿದ್ದು ನಿಮ್ಮಪ್ಪ. ಹೋಗಿ ಅವ್ರನ್ನ ಕೇಳು."

ಅವಳಪ್ಪ ಚಿಕ್ಕಬೋರಯ್ಯ ಕಡಬದವನು, ದನದ ದಲ್ಲಾಳಿ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಗಳು ಒಂದು ಟವಲಿನ ಕೆಳಗೆ ಸೇರುತ್ತವೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಹಸ್ತ ಹಿಡಿದರೆ ಐದು. ಬೆರಳು ಮಡಿಸಿದರೆ ಬೆಲೆ ಇಳಿಸು ಎಂದು ಅರ್ಥ. ಸುತ್ತ ನಿಂತವರಿಗೆ ಟವಲು ಅಲ್ಲಾಡುವುದಷ್ಟೇ ಕಾಣುತ್ತದೆ. ಎತ್ತು ಅದನ್ನೂ ನೋಡುವುದಿಲ್ಲ, ಹುಲ್ಲು ಮೇಯುತ್ತಿರುತ್ತದೆ.

ಮೂರು ವರ್ಷದ ಹಿಂದೆ, ಸುಮನಾ ಕೋರ್ಸು ಮುಗಿಸಿ ಕೊತ್ತಗೆರೆಯ ಚಿಕ್ಕಮ್ಮನ ಮನೆಗೆ ಬಂದಿದ್ದಾಗ, ಹಳೆಯ ಪರಿಚಯವೆಂದು ಅವಳನ್ನು ಚನ್ನವೀರಯ್ಯನ ಲ್ಯಾಬಿಗೆ ಕರೆದುಕೊಂಡು ಹೋದವನು ಇದೇ ಅಪ್ಪ. ಸಂಬಳದ ಮಾತು ಬರುತ್ತಲೇ ಅವನ ಕೈ ತಾನಾಗಿ ಹೆಗಲಿಗೆ ಹೋಯಿತು. ಟವಲು ಇಬ್ಬರ ಕೈ ಮೇಲೆ ಬಿತ್ತು, ಅಲ್ಲಾಡಿತು. ಸುಮನಾ ಎದುರಿಗೇ ಕೂತಿದ್ದಳು. "ಆಯ್ತು, ನಾಳೆಯಿಂದ ಬಾರಮ್ಮ" ಎಂದ ಚನ್ನವೀರಯ್ಯ. ಅವಳು ಹೋದಳು. ಎಷ್ಟು ಕೇಳಿದರು, ಎಷ್ಟಕ್ಕೆ ಇಳಿದರು ಎಂದು ಯಾರೂ ಅವಳಿಗೆ ಹೇಳಲಿಲ್ಲ.

ಈಗ ಅವಳು ಆ ಕೆಲಸ ಬಿಟ್ಟಿದ್ದಳು. ತುಮಕೂರಿನ ದೊಡ್ಡ ಡಯಾಗ್ನೋಸ್ಟಿಕ್ ಸೆಂಟರಿನವರು ಇಂಟರ್‌ವ್ಯೂಗೆ ಕರೆದಿದ್ದರು. ಬೇಡವೆಂದರೂ ಕೇಳದೆ ಅಪ್ಪ ಹೊರಟಿದ್ದ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ ಅವಳು ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು, ನಿರೀಕ್ಷಿಸುವ ಸಂಬಳ ಎಂಬ ಕಡೆ ಪೆನ್ನೂರಿದಳು. ಹಳ್ಳಕ್ಕೆ ಬಸ್ಸು ಎಗರಿತು, ಅಂಕಿ ಸೊಟ್ಟಗಾಯಿತು. ಅದರ ಮೇಲೆಯೇ ಒತ್ತಿ ತಿದ್ದಿದಳು. ಮತ್ತೆ ತಿದ್ದಿದಳು.

"ಏನ್ ಬರ್ದೆ?"

"ಇಪ್ಪತ್ತೆರಡು ಸಾವ್ರ."

"ಮೆಲ್ಲುಕ್ ಹೇಳೇ! ಬಸ್ಸಿಗೆಲ್ಲಾ ಕೇಳ್ತೈತೆ."

"ಕೇಳ್ಲಿ ಬುಡು. ಕದ್ದ್ ಮಾಲಾ?"

"ಬೆಲೆ ಬಾಯ್ಬುಟ್ಟು ಹೇಳ್ಬಾರ್ದು ಕಣವ್ವ. ಮೊದ್ಲು ಹೇಳ್ದೋನು ಕೆಟ್ಟ. ಅವ್ರು ಬೆರಳು ಹಿಡೀಲಿ, ಆಮೇಲೆ ನಾವು..."

"ನಿನ್ ಬೆರಳು ಹಿಡ್ದೋನು ನನ್ ಕುತ್ಗೆ ಹಿಡ್ದ. ಅವತ್ತು ನೀನ್ ಎಷ್ಟ್ ಕೇಳ್ದೆ?"

ಚಿಕ್ಕಬೋರಯ್ಯ ಕಿಟಕಿಯ ಕಡೆ ತಿರುಗಿದ. ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು.

"ಹನ್ನೆರಡು. ಅವ್ನು ಒಂದ್ ಬೆರಳು ಮಡಿಸ್ದ. ಗೊತ್ತಿರೋನು, ಹೆಣ್ಮಗ, ಮರ್ವಾದೆ ಜಾಗ ಅಂತ ನಾನೂ ಎಳೆಯಕ್ಕೋಗ್ಲಿಲ್ಲ."

"ಗಂಡ್ ಮಗ ಆಗಿದ್ರೆ?"

ಅವನು ಟವಲಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಎಳೀತಿದ್ದೆ."

"ಎತ್ತಿಗಾದ್ರೆ ಬಾಯ್ ತೆಗ್ಸಿ ಹಲ್ಲು ನೋಡ್ತೀಯ. ನನ್ ಸರ್ಟಿಫಿಕೇಟಿನ್ ಕಡೆ ತಿರುಗೂ ನೋಡ್ಲಿಲ್ವಲ್ಲಪ್ಪ ನೀನು."

ತುಮಕೂರು ಬರುವ ತನಕ ಅವಳ ಹೆಬ್ಬೆರಳು ಪೆನ್ನಿನ ತಲೆ ಒತ್ತುತ್ತಲೇ ಇತ್ತು, ಟಿಕ್, ಟಿಕ್.

ಸೆಂಟರಿನ ಕುರ್ಚಿಗಳ ತುಂಬ ಹುಡುಗಿಯರು. ಪಕ್ಕದಲ್ಲಿದ್ದ ಹರ್ಷಿತಾ ಎಂಬವಳು ಬಗ್ಗಿ ಅರ್ಜಿ ನೋಡಿದಳು.

"ಅಯ್ಯೋ, ನಂಬರ್ರೇ ಬರ್ದ್‌ಬುಟ್ರಾ? ನಾನು 'ತಮ್ಮ ಇಷ್ಟ' ಅಂತ ಬರ್ದಿದೀನಿ. ಎಲ್ರೂ ಅದನ್ನೇ ಬರ್ದಿರೋದು."

ಅಂಗಡಿಯ ಸೋಪಿನ ಮೇಲೆ ಬೆಲೆ ಅಚ್ಚಾಗಿರುತ್ತದೆ. ಈ ಸೆಂಟರಿನ ಗೋಡೆಯ ಮೇಲೂ ಪ್ರತಿ ಪರೀಕ್ಷೆಗೆ ರೋಗಿ ಎಷ್ಟು ಕೊಡಬೇಕು ಎಂಬ ಬೋರ್ಡು ನೇತಾಡುತ್ತಿತ್ತು. ಆ ಪರೀಕ್ಷೆ ಮಾಡುವ ಕೈಗೆ ಎಷ್ಟು ಎಂಬ ಬೋರ್ಡು ಎಲ್ಲಿಯೂ ಇರಲಿಲ್ಲ. ಅದನ್ನು ಕೊಡುವವನು ಬಲ್ಲ, ಹೇಳುವುದಿಲ್ಲ. ದುಡಿಯುವವಳು ಕತ್ತಲಲ್ಲಿ ಕೈ ಚಾಚಿ ಊಹಿಸಬೇಕು. ಕಮ್ಮಿ ಊಹಿಸಿದರೆ ಅವಳ ಹಣೆಬರಹ, ಹೆಚ್ಚು ಊಹಿಸಿದರೆ ಅವಳ ಕೊಬ್ಬು.

ಮ್ಯಾನೇಜರ್ ಸೋಮಶೇಖರ್ ಕೆಲಸದ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿ, ಗೆಲುವಾಗಿಯೇ ಅರ್ಜಿ ತಿರುವಿದ. ಪಕ್ಕದಲ್ಲಿ ಹಳೆಯ ಸಂಬಳದ ಸ್ಲಿಪ್ಪಿತ್ತು. ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿ ನಕ್ಕ.

"ಹನ್ನೊಂದ್ರಲ್ಲಿದ್ದೋರು ಇಪ್ಪತ್ತೆರಡಾ? ಏನ್ ಮೇಡಂ, ಲಾಟ್ರಿನಾ? ಹಳೇ ಸಂಬಳದ ಮೇಲೆ ನೂರಕ್ಕೆ ಇಪ್ಪತ್ತು, ಅಷ್ಟೇ ನಮ್ ರೂಲು. ಹದಿಮೂರು ಕೊಡ್ತೀನಿ."

"ಆ ಹನ್ನೊಂದೇ ಮೋಸದ್ದು ಸರ್. ಅದ್ರ ಮೇಲೆ ಎಷ್ಟ್ ಕಟ್ಟಿದ್ರೂ ಮೋಸಾನೇ. ಈ ಕೆಲ್ಸಕ್ಕೆ ನೀವ್ ಎಷ್ಟ್ ಇಟ್ಟಿದೀರ?"

"ಅದೆಲ್ಲಾ ಹೊರಗೆ ಹೇಳಂಗಿಲ್ಲ."

"ನಿಮ್ದು ಗುಟ್ಟು. ನಂದು ಮಾತ್ರ ಸ್ಲಿಪ್ ಸಮೇತ ಬೇಕು."

ಸೋಮಶೇಖರನ ನಗು ಹೋಯಿತು. ಅರ್ಜಿಯನ್ನು ಅವಳ ಕಡೆ ತಳ್ಳಿದ. "ಇದನ್ನ ಹೊಡ್ದಾಕಿ, ಹದಿಮೂರು ಅಂತ ಬರ್ದು ಸೈನ್ ಮಾಡಿ. ನಾಳೆಯಿಂದ ಬನ್ನಿ."

ನಾಳೆಯಿಂದ ಬನ್ನಿ. ಕೆಲಸ ಬೇಕಿತ್ತು ಸುಮನಾಳಿಗೆ. ಮನೆಯಲ್ಲಿ ಕೂತು ತಿಂಗಳಾಗಿತ್ತು. ಪೆನ್ನು ಕೈಯಲ್ಲೇ ಇತ್ತು.

"ಹೊಡ್ದಾಕಲ್ಲ ಸರ್."

ಅವನು ಗಾಜಿನ ಬಾಗಿಲಿನಾಚೆ ನೋಡಿದ. ಚಿಕ್ಕಬೋರಯ್ಯ ಗಾಜಿಗೆ ಮುಖ ಹಚ್ಚಿ ನಿಂತಿದ್ದ. "ನಿಮ್ ತಂದೆಯವ್ರಾ? ಬನ್ನಿ ಯಜಮಾನ್ರೇ, ಒಳಗ್ ಬನ್ನಿ."

ಚಿಕ್ಕಬೋರಯ್ಯ ಚಪ್ಪಲಿ ಹೊರಗೆ ಬಿಟ್ಟು ಒಳಬಂದ. ಬಾಗಿಲು ತೆರೆದೇ ಉಳಿಯಿತು. ಅವನು ಯಾರು, ಏನು ಮಾಡುತ್ತಾನೆ ಎಂದು ಕೇಳಿ ತಿಳಿದದ್ದೇ ಸೋಮಶೇಖರ್ ಅರಳಿದ.

"ದಲ್ಲಾಳಿಗಳಾ! ನಮ್ದು ಹುಲಿಯೂರುದುರ್ಗ. ನಮ್ಮಪ್ಪ ಎತ್ತು ತಗೊಳೋವಾಗ ಟವಲು ಹಿಡ್ಕೊಳೋನೇ ನಾನು. ಮಕ್ಳಿಗೆ ವ್ಯವಹಾರ ಏನ್ ಗೊತ್ತಾಗುತ್ತೆ ಹೇಳಿ?" ಮೇಜಿನ ಮೇಲೆ ಕೈ ಚಾಚಿದ. "ಹಾಕಿ ಟವಲು. ನಾವ್ ನಾವೇ ಮುಗಿಸ್ಬುಡಣ."

ಚಿಕ್ಕಬೋರಯ್ಯನ ಕೈ ಹೆಗಲಿಗೆ ಹೋಯಿತು. ಸುಮನಾ ಆ ಕೈಯನ್ನೇ ನೋಡಿದಳು. ಟವಲು ಅರ್ಧ ಜಾರಿತು. ಒಬ್ಬ ಆಫೀಸರ್ ತನ್ನನ್ನು ಯಜಮಾನ್ರೇ ಎಂದು ಕರೆದು ಕೈ ಚಾಚಿ ಕಾದದ್ದು ಅವನ ಬದುಕಿನಲ್ಲಿ ಅದೇ ಮೊದಲು. ಅವನು ಆ ಕೈ ನೋಡಿದ. ನಡುಬೆರಳು ಆಗಲೇ ಮಡಿಚಿಕೊಂಡಿತ್ತು.

"ನಮ್ ಹುಡ್ಗಿ ಎಷ್ಟ್ ಕೇಳವ್ಳೆ ಸಾಮಿ?"

"ಇಪ್ಪತ್ತೆರಡಂತೆ!"

ಹೊರಗೆ ಹರ್ಷಿತಾ ತಲೆ ಎತ್ತಿದಳು. ಅವಳ ಪಕ್ಕದವಳೂ ಎತ್ತಿದಳು.

"ಆ ಬಾಗ್ಲು ಹಾಕ್ಬುಟ್ಟು ಕೂತ್ಕೊಳಿ" ಎಂದ ಸೋಮಶೇಖರ್, ದನಿ ತಗ್ಗಿಸಿ. "ಟವಲು ಹಾಕಿ."

ಚಿಕ್ಕಬೋರಯ್ಯ ಟವಲನ್ನು ಹೆಗಲ ಮೇಲಕ್ಕೆ ಎಳೆದುಕೊಂಡ.

"ಟವಲು ಹಾಕಲ್ಲ ಸಾಮಿ. ದುಡಿಯೋಳು ಅವ್ಳು. ಏನಿದ್ರೂ ಅವ್ಳಿಗೇ ಹೇಳಿ, ಬಾಯ್ಬುಟ್ಟು ಹೇಳಿ."

"ಬಾಗ್ಲಾದ್ರೂ ಹಾಕ್ರೀ!"

ಅವನು ಮಗಳ ಪಕ್ಕದ ಕುರ್ಚಿ ಎಳೆದು ಕೂತ. ಬಾಗಿಲು ಹಾಕಲಿಲ್ಲ.