ಹಿಂದಕ್ಕೆ ಸರಿದ ಸೀಟು

ಕಾರಿನೊಳಗೆ ಕೂತ ಕೂಡಲೇ ಅವನಿಗೆ ಗೊತ್ತಾಯಿತು, ಈ ಸೀಟಿನಲ್ಲಿ ಬೇರೆ ಯಾರೋ ಕೂತು ಹೋಗಿದ್ದಾರೆ. ಡ್ರೈವರ್ ಪಕ್ಕದ ಸೀಟು ಹಳಿಯ ತುದಿಯವರೆಗೆ ಹಿಂದಕ್ಕೆ ಸರಿದಿತ್ತು. ಅವನ ಮೊಣಕಾಲಿನ ಮುಂದೆ ಒಂದು ಬಕೆಟ್ ಇಡುವಷ್ಟು ಜಾಗ ಖಾಲಿ ಬಿದ್ದಿತ್ತು. ಅಷ್ಟುದ್ದದ ಕಾಲು ಹೆಂಡತಿಯ ಕಡೆಯ ಬಳಗದಲ್ಲಿ ಇದ್ದದ್ದು ಒಬ್ಬನಿಗೇ.

“ಭಾವ ಬಂದಿದ್ರು,” ಎಂದಳು ಹೆಂಡತಿ, ಗೇರು ಹಾಕುತ್ತ. “ಒಂದು ಸುತ್ತು ಹೋಗಿ ಬಂದ್ವಿ. ಕಾರಿನ ಸದ್ದು ಎಲ್ಲಿಂದ ಬರ್ತಿದೆ ಅಂತ ನೋಡೋಕೆ.”

“ಎಲ್ಲಿಂದ ಬರ್ತಿದೆಯಂತೆ?”

“ಎಲ್ಲ ಕಡೆಯಿಂದ್ಲೂ ಅಂತೆ.”

ಅವನು ಕೆಳಗಿನ ಸರಳನ್ನು ಎತ್ತಿ ಹಿಡಿದು, ಕೂತಲ್ಲೇ ಎಗರಿ ಎಗರಿ ಸೀಟನ್ನು ಮುಂದಕ್ಕೆ ತಂದ. ತುಕ್ಕು ಹಿಡಿದ ಹಳಿ ಕಿರ್ರೆಂದಿತು. ಅವಳು ರಸ್ತೆ ನೋಡುತ್ತಲೇ ನಕ್ಕಳು. ಸೀಟು ಹಿಂದೆ ತಳ್ಳಿದವನನ್ನು ನೆನೆದು ನಗಬೇಕಿತ್ತು, ಎಗರಾಡುತ್ತಿರುವವನನ್ನು ಕಂಡು ನಕ್ಕಳಲ್ಲ ಎಂದು ಅವನ ಹೊಟ್ಟೆಯೊಳಗೆ ಒಂದು ಕಿಡಿ ಬಿತ್ತು.

ಭಾವ ಎಂದರೆ ಅವಳ ಸೋದರಮಾವನ ಮಗ. ಪೇಟೆಯ ಆ ತುದಿಯಲ್ಲಿ ಕಾರುಗಳ ಚಕ್ರ ಸರಿಹೊಂದಿಸುವ ಶೆಡ್ಡು ಇಟ್ಟುಕೊಂಡಿದ್ದ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋವನ್ನು ಒಂದು ಕಣ್ಣು ಮುಚ್ಚಿ ನೋಡಿ, ತುದಿಬೆರಳಲ್ಲಿ ಕೂದಲೆಳೆಯಷ್ಟು ಸರಿಸಿಯೇ ಕೂರುತ್ತಿದ್ದ. ಅದಕ್ಕೇ ಬಳಗದವರೆಲ್ಲ ಅವನಿಗೆ ಲೆವೆಲ್ಲು ಎಂದು ಹೆಸರಿಟ್ಟಿದ್ದರು. ಚಿಕ್ಕಂದಿನಲ್ಲಿ ಇವಳನ್ನೂ ಅವನನ್ನೂ ಒಂದೇ ಉಯ್ಯಾಲೆಯಲ್ಲಿ ಕೂರಿಸಿ ದೊಡ್ಡವರು ತಮಾಷೆ ಮಾಡುತ್ತಿದ್ದರಂತೆ. ಮದುವೆಯ ಹೊಸತರಲ್ಲಿ ಅತ್ತೆ ಇದನ್ನು ನಗುನಗುತ್ತ ಹೇಳಿದ್ದರು. ಹೇಳಿದವರು ಆವತ್ತೇ ಮರೆತರು. ಕೇಳಿದವನು ಆ ಉಯ್ಯಾಲೆಯನ್ನು ಇಂದಿಗೂ ತಲೆಯೊಳಗೆ ತೂಗುತ್ತಿದ್ದ. ಲೆವೆಲ್ಲುವನ್ನು ಏನೆಂದು ಕರೆಯಬೇಕು ಎಂಬುದೂ ಅವನಿಗೆ ಇಷ್ಟು ವರ್ಷವಾದರೂ ಬಗೆಹರಿದಿರಲಿಲ್ಲ. ಎದುರಿಗೆ ಸಿಕ್ಕರೆ ಕಣ್ಣಿಗೆ ಕಣ್ಣು ಕೊಟ್ಟು “ನೋಡಿ” ಎಂದು ಶುರುಮಾಡುತ್ತಿದ್ದ. ಅಷ್ಟರಲ್ಲೇ ಕೆಲಸ ಸಾಗುತ್ತಿತ್ತು.

ಕಾರು ಹೆಂಡತಿಯದು. ಹಳೆಯ, ಪುಟ್ಟ ಕಾರು. ಬಣ್ಣ ಮಾಸಿದರೂ ಎಂಜಿನ್ನು ಗಟ್ಟಿ. ಅವಳು ಮನೆಯಲ್ಲೇ ಕೇಕು ಮಾಡಿ ಮಾರುವವಳು. ಒಂದಂತಸ್ತಿನ ಕೇಕು ಎಂಥ ರಸ್ತೆಯನ್ನಾದರೂ ತಡೆದುಕೊಳ್ಳುತ್ತದೆ. ಮೂರಂತಸ್ತಿನದು ತಡೆಯುವುದಿಲ್ಲ. ಕಳೆದ ಎರಡು ಆರ್ಡರುಗಳಲ್ಲಿ ಕೆಳಗಿನ ಅಂತಸ್ತು ಬಿರುಕು ಬಿಟ್ಟು, ಅವಳು ಗಿರಾಕಿಗಳ ಮನೆಬಾಗಿಲಲ್ಲೇ ನಿಂತು ಕ್ರೀಮು ಮೆತ್ತಿ ಮಾನ ಉಳಿಸಿಕೊಂಡಿದ್ದಳು. ಕೇಕು ತಲುಪಿಸುವುದು ವಾರಕ್ಕೊಮ್ಮೆ, ಅವನ ರಜೆಯ ದಿನ. ಅವಳು ಓಡಿಸುವುದು, ಇವನು ಜೊತೆಗೆ ಹೋಗುವುದು, ಬರುವಾಗ ಎಲ್ಲಾದರೂ ನಿಲ್ಲಿಸಿ ಏನಾದರೂ ಕುಡಿಯುವುದು. ವಾರವಿಡೀ ಅವರಿಬ್ಬರೇ ಇರುತ್ತಿದ್ದ ಹೊತ್ತು ಅದೊಂದೇ.

ಈಗ ಲೆವೆಲ್ಲು ಹೇಳಿದ್ದನಂತೆ: ಕಾರು ಸರಿಯಾಗುವವರೆಗೆ ನನ್ನ ವ್ಯಾನು ಇದೆ, ನಾನೇ ಬಂದು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತ್ಕೊ ಸಾಕು. ವ್ಯಾನಿನಲ್ಲಿ ಮುಂದೆ ಇದ್ದದ್ದು ಎರಡೇ ಸೀಟು.

“ಏನೂ ಬೇಕಾಗಿಲ್ಲ, ನಮ್ಮ ಕಾರನ್ನೇ ಸರಿಮಾಡಿಸೋಣ,” ಎಂದ ಅವನು, ಬೇಕಾದುದಕ್ಕಿಂತ ಜೋರಾಗಿ.

ಏನೇನು ಬದಲಾಯಿಸಬೇಕೆಂಬ ಚರ್ಚೆ ಅಂದು ಸಂಜೆ ಅಡುಗೆಮನೆಯಲ್ಲಿ ಫೋನಿನಲ್ಲೇ ನಡೆಯಿತು. ಅವಳ ಕೈಯೆಲ್ಲ ಹಿಟ್ಟಾಗಿದ್ದರಿಂದ ಫೋನು ಸಕ್ಕರೆ ಡಬ್ಬಿಗೆ ಒರಗಿ ನಿಂತು ಲೆವೆಲ್ಲುವಿನ ದನಿಯಲ್ಲಿ ಮಾತಾಡುತ್ತಿತ್ತು. ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗು ಬೇಡ, ಅದು ನೋಟಕ್ಕೆ ಚೆಂದ, ಗುಂಡಿ ಬಿದ್ದ ರಸ್ತೆಗಲ್ಲ. ರೇಸಿನ ಸಾಮಾನಂತೂ ಬೇಡವೇ ಬೇಡ, ಕೇಕಿನ ಜೊತೆ ಅವಳ ಬೆನ್ನೂ ಮುರಿಯುತ್ತದೆ. ಕಂಪನಿಯ ಸ್ಪ್ರಿಂಗು ಇನ್ನೂ ಜೀವಂತವಾಗಿದೆ, ಅದನ್ನು ಮುಟ್ಟುವುದು ಬೇಡ. ಸತ್ತಿರುವುದು ಶಾಕ್ ಅಬ್ಸಾರ್ಬರು, ಅಂಗಡಿಯವರ ಬಾಯಲ್ಲಿ ಶಾಕಪ್ಪು. ನಾಲ್ಕಕ್ಕೂ ಒಳ್ಳೆಯದು, ತುಸು ಬಿಗಿಯದು ಹಾಕಿ, ಕೊಳೆತ ರಬ್ಬರು ಬುಷ್‌ಗಳನ್ನು ಕಿತ್ತು ಹೊಸವು ಕೂರಿಸಿದರೆ ಆಯಿತು. ಸ್ಪ್ರಿಂಗು ಕುಣಿಯುತ್ತೆ, ಶಾಕಪ್ಪು ಆ ಕುಣಿತ ನಿಲ್ಲಿಸುತ್ತೆ, ಎಂದಿತು ಫೋನು. ಹಾಗಾದ್ರೆ ನಮ್ಮದರಲ್ಲಿ ನಿಲ್ಲಿಸೋರೇ ಇಲ್ಲ ಅನ್ನಿ, ಎಂದಳು ಅವಳು. ಇಬ್ಬರೂ ನಕ್ಕರು.

ಅವನು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವರಿಬ್ಬರೂ ಕೈ ಹಿಡಿದು ಮಾತಾಡುತ್ತಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ಬುಷ್, ಶಾಕಪ್ಪು ಎಂದು ಅವಳು ಮೊಟ್ಟೆ, ಮೈದಾ ಎಂದಷ್ಟೇ ಸಲೀಸಾಗಿ ಅನ್ನುತ್ತಿದ್ದಳು. ಯಾವಾಗ ಕಲಿತಳು? ಯಾರು ಕಲಿಸಿದರು?

ಅವನದು ಹಾಸಿಗೆ ಅಂಗಡಿ. ಸ್ಪ್ರಿಂಗಿನ ವಿಷಯ ಯಾರಿಂದಲೂ ಕಲಿಯಬೇಕಾಗಿಲ್ಲ ಎಂಬುದು ಅವನ ನಂಬಿಕೆ. ಗಿರಾಕಿ ಒಳಗೆ ಬರುವ ನಡಿಗೆಯಲ್ಲೇ ಎಂಥ ಹಾಸಿಗೆ ಬೇಕು ಎಂದು ಹೇಳಿಬಿಡುತ್ತಿದ್ದ. ಅಂಗೈ ಊರಿ, ಭಾರ ಬಿಟ್ಟು, ಹಾಸಿಗೆ ಮೇಲೇಳುವ ಬಗೆಯನ್ನು ಕಣ್ಣು ಮುಚ್ಚಿ ಅಳೆಯುತ್ತಿದ್ದ. ಜಗತ್ತಿನಲ್ಲಿ ಬೆಣ್ಣೆಯಂತೆ ಇಳಿದು ಬೆಣ್ಣೆಯಂತೆ ಏಳುವುದೆಲ್ಲ ಒಳ್ಳೆಯ ಸ್ಪ್ರಿಂಗಿನಿಂದ. ನಡುವೆ ಈ ಕೊಳವೆಯಂಥ ಶಾಕಪ್ಪಿಗೇನು ಕೆಲಸ?

ಬಿಡಿಭಾಗಗಳ ಅಂಗಡಿ ಅವನ ಅಂಗಡಿಯ ಮಗ್ಗುಲಲ್ಲೇ ಇದ್ದದ್ದರಿಂದ ಸಾಮಾನು ತರುವ ಕೆಲಸ ಅವನ ಪಾಲಿಗೆ ಬಂತು. ಭಾವ ಹೇಳಿದ್ದನ್ನೇ ತನ್ನಿ, ಎಂದು ಹೆಂಡತಿ ಎರಡು ಸಲ ಹೇಳಿದಳು. ಒಂದು ಸಲ ಹೇಳಿದ್ದರೆ ತರುತ್ತಿದ್ದನೋ ಏನೋ.

ಕೌಂಟರಿನಲ್ಲಿ ತಾನೇ ಕೇಳಿ ತೆಗೆಸಿದ ಸ್ಪ್ರಿಂಗಿನ ಮೇಲೆ ಅವನು ಅಭ್ಯಾಸಬಲದಿಂದ ಅಂಗೈ ಊರಿದ. ಅದು ಜಪ್ಪಯ್ಯ ಎನ್ನಲಿಲ್ಲ. ಎರಡೂ ಕೈ ಊರಿ, ಕಾಲು ನೆಲ ಬಿಡುವವರೆಗೆ ಒತ್ತಿದ.

“ಸ್ವಾಮಿ, ಅದು ಕಾರು ಹೊರೋದು. ನಿಮ್ಮನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ,” ಎಂದ ಅಂಗಡಿಯವನು.

ಎಲ್ಲಕ್ಕಿಂತ ಮೆತ್ತಗಿರುವುದು ಕೊಡಿ ಎಂದು ಇವನು ಕೇಳಿದ. ಇದೆ, ಆದರೆ ಹಳೇ ಶಾಕಪ್ಪಿನ ಮೇಲೆ ಇದನ್ನು ಹಾಕಿದರೆ ಕಾರು ದೋಣಿಯಾಗುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ. ದೋಣಿ ಎಂಬ ಮಾತು ಇವನ ಕಿವಿಗೆ ಹಿತವಾಗಿಯೇ ಬಿತ್ತು. ದೋಣಿಯಲ್ಲಿ ಯಾವ ಕೇಕು ಬಿರುಕು ಬಿಟ್ಟೀತು? ಲೆವೆಲ್ಲು ಶಾಕಪ್ಪು ಬದಲಾಯಿಸಿ, ಸ್ಪ್ರಿಂಗು ಮುಟ್ಟಬೇಡಿ ಎಂದಿದ್ದ. ಇವನು ಸ್ಪ್ರಿಂಗು ಬದಲಾಯಿಸಿದ, ಶಾಕಪ್ಪು ಮುಟ್ಟಲಿಲ್ಲ. ಲೆವೆಲ್ಲುವಿನ ಶೆಡ್ಡಿಗೂ ಹೋಗದೆ, ಬೇರೆ ಗ್ಯಾರೇಜಿನಲ್ಲಿ ಕೆಲಸ ಮುಗಿಸಿ, ಕಂಪನಿಯ ಹಳೆ ಸ್ಪ್ರಿಂಗುಗಳನ್ನು ಹಾಸಿಗೆಯ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನ ಅಂಗಡಿಯ ಅಟ್ಟಕ್ಕೆ ಹಾಕಿದ.

ಆ ಸಂಜೆ ಹೆಂಡತಿ ಬೀದಿಯ ಕೊನೆಯವರೆಗೆ ಓಡಿಸಿ ಬಂದು, ಹೂವಿನ ಮೇಲೆ ಹೋದ ಹಾಗಿದೆ ಎಂದಳು. ಭಾವನಿಗೆ ಫೋನು ಮಾಡಿ ಹೇಳುತ್ತೇನೆ ಎಂದು ಹೊರಟಳು. ಆಗ ಅವನು ಬಾಯಿಬಿಟ್ಟ: ಇದು ಭಾವನದಲ್ಲ, ನನ್ನ ಆಯ್ಕೆ. ಅವಳು ಅವನನ್ನೂ ಕಾರನ್ನೂ ಒಂದು ಗಳಿಗೆ ನೋಡಿದಳು. “ಪರವಾಗಿಲ್ವೇ,” ಎಂದಳು. ಆ ಒಂದು ಮಾತನ್ನು ಅವನು ವಾರವಿಡೀ ಬಾಯಲ್ಲಿ ಮಿಠಾಯಿಯಂತೆ ಹೊರಳಿಸಿಕೊಂಡು ತಿರುಗಿದ.

ಮುಂದಿನ ಆರ್ಡರು ಒಂದು ಶಾಲೆಯದು. ಮುಖ್ಯೋಪಾಧ್ಯಾಯಿನಿ ನಿವೃತ್ತರಾಗುತ್ತಿದ್ದರು. ಮೂರಂತಸ್ತಿನ ಕೇಕು, ತುದಿಯಲ್ಲಿ ಸಕ್ಕರೆಯಲ್ಲಿ ಮಾಡಿದ ಶಾಲೆಯ ಗಂಟೆ. ಹಿಂದಿನ ಸೀಟಿನ ಒಂದು ಭಾಗ ಮಡಚಿ, ಹಲಗೆ ಹಾಕಿ, ಅದರ ಮೇಲೆ ಕೇಕು ಇಟ್ಟರು. ಅವನು ಪಕ್ಕದಲ್ಲೇ ಮುದುರಿ ಕೂತ. ನೇರ ರಸ್ತೆಯಲ್ಲಿ ಕೇಕು ಅಲುಗಲಿಲ್ಲ. ಕನ್ನಡಿಯಲ್ಲಿ ಅವಳು ಹುಬ್ಬು ಹಾರಿಸಿದಳು. ಅವನು ಗದ್ದ ಎತ್ತಿದ.

ಶಾಲೆಗೆ ಸ್ವಲ್ಪ ಮೊದಲು ರಸ್ತೆಗೆ ಅಡ್ಡ ಒಂದು ಹಂಪು, ಹಂಪು ದಾಟಿದ್ದೇ ಒಂದು ವೃತ್ತ. ಹಂಪಿನ ಮೇಲೆ ಕಾರು ಬೆಣ್ಣೆಯಂತೆ ಎದ್ದು ಬೆಣ್ಣೆಯಂತೆ ಇಳಿಯಿತು. ಮತ್ತೆ ಎದ್ದಿತು. ಮತ್ತೆ ಇಳಿಯಿತು. ಆ ಕುಣಿತವನ್ನು ನಿಲ್ಲಿಸುವವರು ಯಾರೂ ಇರಲಿಲ್ಲ. ಮೂರನೆಯ ಸಲ ಏಳುತ್ತಿರುವಾಗಲೇ ವೃತ್ತ ಬಂತು. ಅವಳು ಸ್ಟಿಯರಿಂಗು ತಿರುಗಿಸಿದಳು. ಕಾರು ಇಡೀ ಮೈಯನ್ನು ಒಂದು ಮಗ್ಗುಲಿಗೆ ಚೆಲ್ಲಿಕೊಂಡಿತು. ಮೇಲಿನ ಅಂತಸ್ತು ನಿಧಾನವಾಗಿ, ಹಾಸಿಗೆಯ ಮೇಲೆ ಮಗುಚಿ ಮಲಗುವವರ ಹಾಗೆ, ಅವನ ಕಡೆಗೆ ಜಾರಿತು. ಅವನು ಎದೆ ಕೊಟ್ಟ. ಗಂಟೆ ಅವನ ಅಂಗಿಯ ಗುಂಡಿಗೆ ತಾಗಿ ಎರಡು ಹೋಳಾಯಿತು.

ಉಳಿದ ದಾರಿಯುದ್ದಕ್ಕೂ ಅವನು ಎರಡೂ ತೋಳಲ್ಲಿ ಕೇಕನ್ನು ತಬ್ಬಿ, ಕಾರು ಏಳುವಾಗ ತಾನು ಇಳಿದು, ಇಳಿಯುವಾಗ ತಾನು ಎದ್ದು ಹೋದ. ಶಾಕಪ್ಪಿನ ಕೆಲಸವೇನೆಂದು ಅವನ ತೊಡೆಗಳಿಗೆ ಚೆನ್ನಾಗಿ ಅರ್ಥವಾಯಿತು.

ಶಾಲೆಯ ವರಾಂಡದಲ್ಲಿ ಅವಳು ಚಾಕು ಕ್ರೀಮು ಹಿಡಿದು ಮಾಡಬಹುದಾದದ್ದನ್ನು ಮಾಡಿದಳು. ಮುಖ್ಯೋಪಾಧ್ಯಾಯಿನಿ ಒಡೆದ ಗಂಟೆಯ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು, ಇನ್ನು ನನಗೆ ಬೆಲ್ಲಿನ ಗೊಡವೆ ಬೇಡ ಬಿಡಮ್ಮ ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ತುಟಿಯಲ್ಲಿ ಮಾತ್ರ.

ಬರುವಾಗ ಎಲ್ಲೂ ನಿಲ್ಲಿಸಲಿಲ್ಲ. ಮನೆಯ ಮುಂದೆ ಕೀಲಿ ತೆಗೆಯುತ್ತ ಹೇಳಿದಳು, “ಮುಂದಿನ ವಾರದ್ದು ದೊಡ್ಡ ಆರ್ಡರು ರೀ. ಭಾವನ ವ್ಯಾನು ಕೇಳ್ತೀನಿ.”

ರಾತ್ರಿ ಊಟದ ತಟ್ಟೆ ನೋಡುತ್ತ ಅವನು, ವ್ಯಾನು ಬೇಡ, ಅವರು ಹೇಳಿದ್ದನ್ನೇ ಹಾಕಿಸೋಣ, ಅವರ ಹತ್ತಿರವೇ, ಎಂದ.

ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಳೆ ಸ್ಪ್ರಿಂಗು, ಹೊಸ ಶಾಕಪ್ಪು, ಬುಷ್ ಎಲ್ಲ ಹೊತ್ತು ಇಬ್ಬರೂ ಲೆವೆಲ್ಲುವಿನ ಶೆಡ್ಡಿಗೆ ಹೋದರು. ಲೆವೆಲ್ಲು ಕಾರಿನ ಮೂಲೆಯ ಮೇಲೆ ಅಂಗೈ ಊರಿ, ಒಮ್ಮೆ ಒತ್ತಿ ಬಿಟ್ಟ. ಥೇಟ್ ಇವನು ಹಾಸಿಗೆ ಒತ್ತುವ ಹಾಗೆ. ಕಾರು ಎದ್ದು ಬಿದ್ದು ಎದ್ದು ಬಿದ್ದು ಮಾಡಿತು. ಲೆವೆಲ್ಲು ಅದು ನಿಲ್ಲುವವರೆಗೂ ನೋಡಿದ, ಇವನ ಮುಖ ನೋಡಲಿಲ್ಲ. ಜಾಕು ಎಳೆದುಕೊಂಡು ಕೆಲಸಕ್ಕೆ ತೊಡಗಿದ. ಒಂದು ಚುಚ್ಚುಮಾತಾದರೂ ಆಡಿದ್ದರೆ ಲೆಕ್ಕ ಸಮವಾಗುತ್ತಿತ್ತು. ಇಂಥ ದೊಡ್ಡತನವೂ ಲೆವೆಲ್ಲುವಿಗೇ ಇರಬೇಕೆ ಎಂದು ಹಾಸಿಗೆಯವನ ಹೊಟ್ಟೆ ಇನ್ನೊಂದು ಸುತ್ತು ಉರಿಯಿತು.

ಕೆಲಸ ಮುಗಿದ ಮೇಲೆ ಒಂದು ಸುತ್ತು ಹೋಗಿ ನೋಡಬೇಕಿತ್ತು. ಹಿಂದೆ ಕೇಕಿನಷ್ಟು ಭಾರ ಬೇಕು, ಎಂದ ಲೆವೆಲ್ಲು. ಹೆಂಡತಿ ಗಂಡನ ಕಡೆ ನೋಡಿದಳು. ಹೀಗೆ ಅವನು ಕೇಕಿನ ಜಾಗದಲ್ಲಿ ಕೂತ. ಲೆವೆಲ್ಲು ಮುಂದಿನ ಸೀಟನ್ನು ಒಂದೇ ಒದೆಗೆ ಹಿಂದಕ್ಕೆ ತಳ್ಳಿಕೊಂಡು ಅವಳ ಪಕ್ಕ ಕೂತ. ಸೀಟಿನ ಬೆನ್ನು ಇವನ ಮಂಡಿಗೆ ಬಂದು ಒತ್ತಿತು.

ಹಂಪು ಬಂತು. ಕಾರು ಎದ್ದಿತು, ಇಳಿಯಿತು, ಅಲ್ಲಿಗೆ ಮುಗಿಯಿತು. ತಿರುವಿನಲ್ಲಿ ಭುಜ ಕೂಡ ಓರೆಯಾಗಲಿಲ್ಲ. ಮುಂದೆ ಅವರಿಬ್ಬರೂ ತಲೆ ಒಂದೇ ಕಡೆ ವಾಲಿಸಿ, ಕಾರಿಗೆ ಕಿವಿಗೊಟ್ಟು ಕೂತಿದ್ದರು. ಅವನ ಕಣ್ಣಿಗೆ ಉಯ್ಯಾಲೆ ಕಂಡಿತು.

“ಹಿಂದೆ ಹೇಗಿದೆ?” ಎಂದ ಲೆವೆಲ್ಲು.

“ಎಡಗಡೆ ಏನೋ ಸದ್ದು,” ಎಂದುಬಿಟ್ಟ ಅವನು. “ಟಕ್ ಟಕ್ ಅಂತ.”

ಯಾವ ಸದ್ದೂ ಇರಲಿಲ್ಲ. ಶೆಡ್ಡಿಗೆ ವಾಪಸು ಬಂದರು. ಲೆವೆಲ್ಲು ಆಗತಾನೆ ಬದಲಾಯಿಸಿದ್ದ ಶುಭ್ರ ಅಂಗಿಯಲ್ಲೇ, ಟಾರ್ಚು ಹಿಡಿದು ಕಾರಿನಡಿ ಜಾರಿಕೊಂಡ. ಉದ್ದನೆಯ ಎರಡು ಕಾಲು ಮಾತ್ರ ಹೊರಗೆ ಉಳಿದವು. ಒಳಗೆ ಸ್ಪ್ಯಾನರಿನಿಂದ ಒಂದೊಂದೇ ಕಡೆ ತಟ್ಟಿ, ಕಿವಿಗೊಟ್ಟು, ಮತ್ತೆ ತಟ್ಟುತ್ತಿದ್ದ. ಹೆಂಡತಿ ಕೈಕಟ್ಟಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಕೇಕು ಬೆಂದಿದೆಯೋ ಇಲ್ಲವೋ ಎಂದು ನೋಡುವಾಗಿನ ನೋಟ ಅದು. ಆ ನೋಟ ಅವನಿಗೆ ಗೊತ್ತಿತ್ತು. ಇಲ್ಲದ ಸದ್ದನ್ನು ಲೆವೆಲ್ಲು ಕತ್ತಲಾಗುವವರೆಗೂ ಹುಡುಕುತ್ತಾನೆ, ಅವಳು ಕತ್ತಲಾಗುವವರೆಗೂ ಹೀಗೇ ನಿಂತಿರುತ್ತಾಳೆ.

ಹೇಳಿಬಿಡಬೇಕು. ಆದರೆ ಹೇಗೆ? ಕಣ್ಣಿಗೆ ಕಣ್ಣು ಕೊಟ್ಟು “ನೋಡಿ” ಎನ್ನಲು ಅಲ್ಲಿ ಕಣ್ಣಿರಲಿಲ್ಲ, ಎರಡು ಬೂಟುಗಳಿದ್ದವು. ಕಾರಿನಡಿ ಇರುವವನನ್ನು ಏನಾದರೊಂದು ಕರೆಯಲೇಬೇಕು.

“ಅಣ್ಣ,” ಎಂದ. ದನಿ ಕೀರಲಾಯಿತು. “ಹೊರಗೆ ಬನ್ನಿ ಅಣ್ಣ. ಸದ್ದಿಲ್ಲ. ನಾನೇ ಸುಮ್ನೆ ಹೇಳಿದ್ದು.”

ತಟ್ಟುವುದು ನಿಂತಿತು.

“ಗೊತ್ತು,” ಎಂದಿತು ಕಾರಿನಡಿಯ ದನಿ. “ಹೇಗೂ ಒಳಗೆ ಬಂದಿದೀನಲ್ಲ, ಬಲಗಡೆ ಬೋಲ್ಟೂ ನೋಡ್ಕೊಂಡೇ ಬರ್ತೀನಿ.”

ಹೆಂಡತಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದು ಯಾರ ಮಾತಿಗೆ ಎಂದು ಅವನು ಆಗಲೂ ಯೋಚಿಸಿದ, ಆಮೇಲೂ ಬಹಳ ದಿನ ಯೋಚಿಸಿದ, ತೀರ್ಮಾನಕ್ಕೆ ಬರಲಾಗಲಿಲ್ಲ.

ಹೊರಡುವಾಗ ಅವನು ಅಭ್ಯಾಸವಾದವನಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದ. “ಮುಂದೆ ಬನ್ನಿ, ನಾನೇನು ಡ್ರೈವರಾ?” ಎಂದಳು. ಮುಂದೆ ಕೂತ. ಸೀಟು ಹಳಿಯ ತುದಿಯಲ್ಲಿತ್ತು. ಸರಳು ಎತ್ತಿ ಎಗರಿದ, ಬರಲಿಲ್ಲ. ಇನ್ನೊಮ್ಮೆ ಎಗರಿದ. ಹೊಸ ಶಾಕಪ್ಪಿನ ಮೇಲೆ ಕಾರು ಎಷ್ಟು ಗಟ್ಟಿಯಾಗಿ ನಿಂತಿತ್ತೆಂದರೆ ಅವನ ಎಗರಾಟ ಅದರ ಗಮನಕ್ಕೇ ಬರಲಿಲ್ಲ.

“ಆ ಹಳಿಗೆ ಎಣ್ಣೆ ಬಿಡಿಸ್ಬೇಕು,” ಎಂದಳು ಅವಳು. “ಮುಂದಿನ ಸಲ ಬಂದಾಗ ಭಾವನಿಗೆ—”

“ನಾನೇ ಬಿಡ್ತೀನಿ,” ಎಂದ ಅವನು, ಮೂರನೆಯ ಸಲ ಎಗರುತ್ತ. “ಇದನ್ನ ಯಾರಿಗೂ ಹೇಳ್ಬೇಡ.”