ಬಾವಿ ಕಡೆಯ ಗಿಡಗಳು

ಹತ್ತಿ ಹೊಲವನ್ನು ಎರಡು ಭಾಗ ಮಾಡುವ ಕಾಲುವೆಯ ದಡದಲ್ಲಿ ನಿಂತು ಮಗಳು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದಳು. ತಲೆ ಕೆಟ್ಟುಹೋಯಿತು. ಬಾವಿ ಕಡೆಯ ಗಿಡಗಳು ಮೊಣಕಾಲಿನ ಹತ್ತಿರವೇ ಮುದುಡಿ ಕೂತಿದ್ದವು. ರಸ್ತೆ ಕಡೆಯವು ಹೇಳುವವರು ಕೇಳುವವರು ಇಲ್ಲದ ಹಾಗೆ ಎದೆಯುದ್ದ ಬೆಳೆದು, ತಮ್ಮದೇ ನೆರಳಿನಲ್ಲಿ ಮೊಗ್ಗು ಉದುರಿಸುತ್ತಿದ್ದವು. ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ಔಷಧಿ.

ಔಷಧಿಯೆಂದರೆ ಗಿಡದ ಎತ್ತರಕ್ಕೆ ಕಡಿವಾಣ ಹಾಕುವಂಥದ್ದು. ಸುಮ್ಮನೆ ಉದ್ದವಾಗುವುದು ಬಿಟ್ಟು ಕಾಯಿಯ ಕಡೆ ಗಮನ ಕೊಡಲಿ ಎಂದು ಅದನ್ನು ಸಿಂಪಡಿಸುವುದು. ಅಪ್ಪ ಅದಕ್ಕೆ 'ಕುಳ್ಳನ ಮದ್ದು' ಎನ್ನುತ್ತಿದ್ದ. ರಸ್ತೆ ಕಡೆ ಮಗಳದ್ದು, ಬಾವಿ ಕಡೆ ಅಪ್ಪನದ್ದು ಎಂದು ಹಂಚಿಕೊಂಡಿದ್ದರು. ಅವಳು ಮೊದಲು ಹೊಡೆದಳು. ದೊಡ್ಡ ಮಗಳ ಮನೆಗೆ ಹೋಗಿದ್ದ ಅಪ್ಪ ಹತ್ತು ದಿನ ಬಿಟ್ಟು ಬಂದು ತನ್ನ ಪಾಲಿನದು ಮುಗಿಸಿದ.

"ನೀನು ಎರಡು ಸಲ ಹೊಡೆದಿದ್ದೀಯ ಅಪ್ಪ. ಹೊಡೆದಿದ್ದು ಮರೆತು ಮತ್ತೆ ಹೊಡೆದಿದ್ದೀಯ," ಎಂದು ಹೋದ ವಾರವೇ ಅವಳು ತೀರ್ಪು ಕೊಟ್ಟಾಗಿತ್ತು.

"ಒಂದೇ ಸಲ ಹೊಡೆದ ಹಾಗೆ ನೆನಪು ಕಣಮ್ಮ."

"ಮೋಟಾರ್ ಆಫ್ ಮಾಡಿದ ಹಾಗೂ ನೆನಪಿತ್ತಲ್ಲ ನಿನಗೆ."

ಬಿತ್ತನೆಯ ದಿನ ಬಾವಿಯ ಮೋಟಾರ್ ನೀರಿಲ್ಲದೆ ಓಡಿ ಓಡಿ ಸುಟ್ಟುಹೋಗಿತ್ತು. ಆ ದಿನ ಇಬ್ಬರೂ ಹೊಲದಲ್ಲೇ ಇದ್ದರು. ಆದರೆ ವಯಸ್ಸಾದವನ ತಲೆಯ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ ನೋಡಿ. ಅಪ್ಪ ಈ ಸಲವೂ ಎದುರಾಡಲಿಲ್ಲ. ಸಿಂಪಡಿಸುವ ಪಂಪನ್ನು ತಂದು ಅವಳ ಮುಂದಿಟ್ಟು, ಇನ್ನು ಮೇಲೆ ನೀನೇ ನೋಡಿಕೋ ಎಂದ. ಅಂದಿನಿಂದ ಬಾಗಿಲಿಗೆ ಬೀಗ ಹಾಕಿದರೆ ಮೂರು ಸಲ ಎಳೆದು ನೋಡುತ್ತಿದ್ದ. ಉಂಡು ಕೈ ತೊಳೆದು ಬಂದವನು "ನಂದು ಊಟ ಆಯ್ತಾ?" ಎಂದು, ತಮಾಷೆಗೋ ನಿಜಕ್ಕೋ ತಿಳಿಯದ ಹಾಗೆ ಕೇಳುತ್ತಿದ್ದ.

ಅದೆಲ್ಲ ಸರಿ, ಅವಳೇ ಹೊಡೆದ ರಸ್ತೆ ಕಡೆ ಯಾಕೆ ಹೀಗೆ? ಔಷಧಿಯೇ ಕಲಬೆರಕೆ ಎಂದು ಅಂಗಡಿಗೆ ಹೋಗಿ ಹರಿಹಾಯ್ದಳು. ಅಂಗಡಿಯವನು ಕನ್ನಡಕದ ಮೇಲಿನಿಂದ ನೋಡಿದ.

"ಒಂದೇ ಡಬ್ಬಿ ಔಷಧಿ ಒಂದು ಕಡೆ ಕೆಲಸ ಮಾಡಿ ಇನ್ನೊಂದು ಕಡೆ ರಜಾ ಹಾಕುತ್ತಾ? ಹೋಗಿ ಕಾಂಡದ ಗಿಣ್ಣು ಎಣಿಸಿ. ಹತ್ತಿ ಗಿಡ ತುದಿಯಲ್ಲಿ ಹೆಚ್ಚು ಕಮ್ಮಿ ಮೂರು ದಿನಕ್ಕೊಂದು ಗಿಣ್ಣು ಹಾಕುತ್ತೆ. ಔಷಧಿ ಬಿದ್ದ ಮೇಲೆ ಗಿಣ್ಣುಗಳು ಹತ್ತಿರ ಹತ್ತಿರ ಬರ್ತವೆ. ಮನುಷ್ಯರನ್ನ ಕೇಳೋದಕ್ಕಿಂತ ಗಿಡವನ್ನ ಕೇಳೋದು ವಾಸಿ."

ಅವಳು ಬಾವಿ ಕಡೆಯ ಗಿಡವೊಂದನ್ನು ಹಿಡಿದು ತುದಿಯಿಂದ ಕೆಳಕ್ಕೆ ಎಣಿಸಿದಳು. ಒಂಬತ್ತು ಗಿಣ್ಣುಗಳವರೆಗೆ ನಡುವಿನ ಅಂತರ ಒಂದೊಂದು ಬೆರಳು. ಅದರ ಕೆಳಗೆ ಮೂರು ಮೂರು ಬೆರಳು. ಒಂಬತ್ತು ಮೂರಲ ಇಪ್ಪತ್ತೇಳು ದಿನ. ಅಪ್ಪ ಹೊಡೆದು ಇನ್ನೂ ಹದಿನೇಳು ದಿನವಾಗಿತ್ತು. ಇಪ್ಪತ್ತೇಳು ದಿನದ ಹಿಂದೆ ಅವನು ಊರಲ್ಲೇ ಇರಲಿಲ್ಲ. ಆ ದಿನ ಪಂಪ್ ಹೊತ್ತವಳು ಅವಳೊಬ್ಬಳೇ.

ಮತ್ತೆ ಹತ್ತು ಗಿಡ ಎಣಿಸಿದಳು. ಎಲ್ಲವೂ ಅದನ್ನೇ ಹೇಳಿದವು. ರಸ್ತೆ ಕಡೆಯ ಗಿಡಗಳಲ್ಲಿ ಒಂದು ಗಿಣ್ಣೂ ಹತ್ತಿರ ಬಂದಿರಲಿಲ್ಲ. ತಾನು ರಸ್ತೆ ಕಡೆಗೇ ಹೊಡೆದದ್ದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಆದರೆ ಆ ಬೆಳಿಗ್ಗೆ ಕಾಲುವೆಯಲ್ಲಿ ನೀರಿತ್ತು. ರಸ್ತೆ ಕಡೆಗೆ ಹೋಗಬೇಕೆಂದರೆ ಅದರಲ್ಲಿ ಇಳಿದೇ ಹೋಗಬೇಕು. ಚಪ್ಪಲಿ ಒದ್ದೆಯಾಗಿರಲಿಲ್ಲ. ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು, ಬಾವಿಯ ಬದಿಯಿಂದಲೇ ಶುರು ಮಾಡಿದ್ದಳು. ಅಕ್ಕನ ಜೊತೆ ಮಾತಾಡುತ್ತಿದ್ದಳು, ಅಪ್ಪನ ಮರೆವಿನ ಬಗ್ಗೆ.

ಅವಳು ಮನೆಗೆ ಬಂದಾಗ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ.

"ತಪ್ಪು ನಿಂದಲ್ಲ ಅಪ್ಪ. ನಾನೇ ನಿನ್ನ ಕಡೆಗೆ ಹೊಡೆದುಬಿಟ್ಟಿದ್ದೆ."

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ಬಿಡು."

ಅವಳು ಕೈ ಹಿಡಿದು ಎಬ್ಬಿಸಿಕೊಂಡು ಹೋದಳು, ಗಿಡದ ಮುಂದೆ ಕೂರಿಸಿ ಲೆಕ್ಕ ಹೇಳಿಕೊಟ್ಟಳು. ಅಪ್ಪ ಬೆರಳಿಟ್ಟು ಅಳೆದ. ಒಂಬತ್ತು. ನಂಬಿಕೆಯಾಗದೆ ಮತ್ತೆ ಅಳೆದ.

"ನಾನು ಆವಾಗ ನಿನ್ನ ಅಕ್ಕನ ಮನೇಲಿದ್ದೆ," ಎಂದ. ಅವಳ ಮುಖ ನೋಡಿದ. "ಇದ್ದೆ ತಾನೆ?"

"ಇದ್ದೆ ಅಪ್ಪ. ನೀನು ಅಲ್ಲೇ ಇದ್ದೆ."

ಅವನು ಗಿಡವನ್ನು ಕೈಬಿಡಲಿಲ್ಲ.

"ಹಾಗಾದ್ರೆ ಆ ಮೋಟಾರ್?"

ಅವಳು ಬಾವಿಯ ಕಡೆ ನೋಡಿದಳು. ಬಿತ್ತನೆಯ ದಿನ, ಬಿಸಿಲು, ಸ್ವಿಚ್ಚಿನ ಪೆಟ್ಟಿಗೆ, ಅದರ ಮುಚ್ಚಳದ ಮೇಲೆ ಒಂದು ಕೈ. ಯಾರ ಕೈ ಎಂದು ಎಷ್ಟು ನೆನೆದರೂ ಹೊಳೆಯಲಿಲ್ಲ.

"ಗೊತ್ತಿಲ್ಲ ಅಪ್ಪ," ಎಂದಳು.

ಆ ದಿನ ಅದೇ ಬಾವಿಕಟ್ಟೆಯ ಮೇಲೆ ನಿಂತು, ಕಣ್ಣಾರೆ ಕಂಡವಳ ಹಾಗೆ, "ನೀನೇ" ಎಂದಿದ್ದಳು.